ಪದ ಬೇಕು (ತುರ್ತು): ಕಾಡುಪ್ರಾಣಿಗಳ 'ಸ್ಕ್ಯಾಟ್'ಗೆ ಕನ್ನಡದಲ್ಲಿ ಏನನ್ನೋಣ?

ಸೋಮವಾರಪೇಟೆಯಿಂದ:

ಎಲ್ಲರಿಗೂ ನಮಸ್ಕಾರ. ಶನಿವಾರ ನಮ್ಮ ಒಂಬತ್ತು, ಹತ್ತನೇ ತರಗತಿ ಮಕ್ಕಳನ್ನು ಒಂದು ಕಾಫಿ ತೋಟಕ್ಕೂ ಅದರ ಪಕ್ಕದ ದೇವರಕಾಡಿನ ಅಂಚಿಗೂ ಕರೆದೊಯ್ಯುತ್ತಿದ್ದೇವೆ. ಪಾಠದ ವಿಷಯ ಸಸ್ತನಿಗಳು, ಅವುಗಳ ಬದುಕು. ಹುಲಿ, ಆನೆ ಕಣ್ಣಿಗೆ ಬೀಳುವುದಿಲ್ಲ, ಬೀಳದಿದ್ದರೇ ಒಳ್ಳೆಯದು. ಆದ್ದರಿಂದ ಅವು ಬಿಟ್ಟುಹೋದದ್ದನ್ನು ಓದುವುದು ಕಲಿಸಬೇಕು: ಹೆಜ್ಜೆ, ಮರದ ಮೇಲಿನ ಉಗುರಿನ ಗೀರು, ಮುಳ್ಳುಹಂದಿಯ ಮುಳ್ಳು, ಜೊತೆಗೆ ಇಂಗ್ಲಿಷಿನವರು ಸ್ಕ್ಯಾಟ್ ಅನ್ನುವುದು. ದಾರಿಯುದ್ದಕ್ಕೂ ಆರು ಬೋರ್ಡು. ಐದು ಬರೆಸಿ ಆಯಿತು, ಆರನೆಯದಕ್ಕೆ ತಲೆಬರಹ ಹೊಳೆಯುತ್ತಿಲ್ಲ.

ಆನೆಯದು ಲದ್ದಿ, ಕಾಟಿಯದು (ಕಾಡುಕೋಣ) ಸಗಣಿ, ಕಡವೆ, ಮೊಲದ್ದು ಹಿಕ್ಕೆ. ಸರಿ. ಹುಲಿಯದು? ಕಬ್ಬೆಕ್ಕಿನದು? ನೀರುನಾಯಿಯದು? ಎಲ್ಲಕ್ಕೂ ಸಲ್ಲುವ ಒಂದೇ ಪದ ಬೇಕು, ಹುಡುಗರು ಕಿಸಕ್ಕನೆ ನಗಬಾರದು. 'ಮಲ' ಅಂದರೆ ಲ್ಯಾಬಿಗೆ ಕೊಡುವ ಡಬ್ಬಿಯೇ ನೆನಪಾಗುತ್ತದೆ. ಪೇಂಟರ್ ನಾಳೆ ಸಂಜೆ ಬರುತ್ತಾನೆ.

ಮೈಸೂರಿನಿಂದ:

ಹಿಕ್ಕೆ. ಬೇರೆ ಹುಡುಕುವ ಅಗತ್ಯವಿಲ್ಲ. ಹಳೆಯ ರೂಪ ಪಿಕ್ಕೆ. ತಮಿಳಿನ ಪಿೞುಕ್ಕೈ ಪಕ್ಕದಲ್ಲಿಟ್ಟು ನೋಡಿ, ನಂಟು ತಾನಾಗಿ ಕಾಣುತ್ತದೆ. ಲದ್ದಿಯನ್ನು ಕೈಬಿಡಿ. ಅಚ್ಚಗನ್ನಡದ ಪದ ಲಕಾರದಿಂದ ಶುರುವಾಗುವುದಿಲ್ಲ, ಹಿಂದಿಯ ಲೀದ್ ನೋಡಿಕೊಳ್ಳಿ. ಸಗಣಿಯೂ ಅಷ್ಟೇ, ಸಂಸ್ಕೃತದ ಛಗಣ. ಹಾಗೇ 'ಸಸ್ತನಿ'ಯನ್ನೂ ತೆಗೆದು 'ಮೊಲೆಯೂಡಿ' ಅಂತ ಬರೆಸಿ.

ವಿರಾಜಪೇಟೆಯಿಂದ:

ಲದ್ದಿ ಕೈಬಿಡಿ ಅಂತೀರಲ್ಲ ಸರ್, ನಮ್ಮ ತೋಟದ ಆನೆಗಳು ಕೈಬಿಡ್ತಾ ಇಲ್ಲ. ಹಲಸು ಹಣ್ಣಾಗುವ ಕಾಲಕ್ಕೆ ಬನ್ನಿ, ತೋರಿಸುತ್ತೇನೆ. ಒಂದು ಲದ್ದಿ ಒಡೆದರೆ ಒಳಗೆ ಇಡಿ ಇಡೀ ಹಲಸಿನ ಬೀಜ, ಸುತ್ತ ಹುಲ್ಲಿನ ನಾರು. ತಿಂದದ್ದರಲ್ಲಿ ಅರ್ಧವೂ ಆನೆಗೆ ದಕ್ಕುವುದಿಲ್ಲ. ಎರಡು ಮಳೆ ಬಿದ್ದರೆ ಅದರಲ್ಲೇ ಮೊಳಕೆ ಎದ್ದಿರುತ್ತದೆ. ಅದಕ್ಕೆ ಹಿಕ್ಕೆ ಅಂದರೆ ಲೈನ್ ಮನೆಯ ಚಿಕ್ಕ ಮಕ್ಕಳೂ ನಕ್ಕಾರು. ಹಿಕ್ಕೆ ಅಂದರೆ ಉಂಡೆ ಉಂಡೆ, ಸಣ್ಣದು: ಆಡಿನದು, ಇಲಿಯದು, ಹಲ್ಲಿಯದು.

ಟೀಚರ್, ಕಬ್ಬೆಕ್ಕಿನದನ್ನು ಮಾತ್ರ ತಪ್ಪದೆ ತೋರಿಸಿ. ಬಿದ್ದ ಸಿಲ್ವರ್ ಓಕ್ ದಿಮ್ಮಿಯ ಮೇಲೆ ಹುಡುಕಿದರೆ ಸಿಗುತ್ತದೆ. ರೊಬಸ್ಟಾ ಹಣ್ಣಾದಾಗ ಅದು ನೋಡಲಿಕ್ಕೆ ಥೇಟ್ ಕಡಲೆಮಿಠಾಯಿ: ಬೀಜಕ್ಕೆ ಬೀಜ ಅಂಟಿಕೊಂಡಿರುತ್ತದೆ, ಮೇಲಿನ ಪಾರ್ಚ್‌ಮೆಂಟ್ ಸಿಪ್ಪೆ ಹರಿದಿರುವುದಿಲ್ಲ. ಹಣ್ಣಿನ ತಿರುಳು ಬೆಕ್ಕಿಗೆ, ಬೀಜ ಕಾಡಿಗೆ. ತೋಟದ ಲೆಕ್ಕ ಬರೆಯುವ ನಮ್ಮ ರೈಟ್ರು ಅದನ್ನು ತೊಳೆದು ಬೇರೆ ಡಬ್ಬಿಯಲ್ಲಿ ಇಡುತ್ತಾರೆ, ನಾನು ಆ ಕಾಫಿ ಇನ್ನೂ ಕುಡಿದಿಲ್ಲ.

ಇನ್ನೊಂದು ಮಾತು. ಬೋರ್ಡಿನಲ್ಲಿ 'ನರಿ' ಅಂತ ಬರೆಸುವ ಮುಂಚೆ ಯೋಚಿಸಿ. ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹುಲಿ ಹೊಡೆದವನಿಗೆ ಹಿಂದೆ ಮಾಡುತ್ತಿದ್ದ ಮದುವೆಗೆ ನರಿ ಮಂಗಲ ಅಂತಲೇ ಹೆಸರು. 'ನರಿ ಹಿಕ್ಕೆ' ಅಂತ ಕಂಡರೆ ಅರ್ಧ ಮಕ್ಕಳು ವ್ಯಾನ್ ಹತ್ತಿ ಕೂತಾರು.

ಧಾರವಾಡದಿಂದ:

ಮೈಸೂರಿನವರಿಗೆ: ಛಗಣದಿಂದ ಸಗಣಿ ಬಂತೋ, ಸೆಗಣಿಯೇ ಅಲ್ಲಿಗೆ ಹೋಗಿ ಛಗಣ ಆತೋ, ಆಧಾರ ಕೊಡ್ರಿ. ಸಂಸ್ಕೃತ ನಿಘಂಟಿನಾಗ ಸಿಕ್ಕದ್ದೆಲ್ಲಾ ಅಲ್ಲೇ ಹುಟ್ಟೇದ ಅನ್ನೂದು ಹಳೇ ಚಾಳಿ. ಲಕಾರದ ನಿಯಮ ಖರೆ ಅದ. ಆದರ ಅದರಿಂದ ಪದದ ಹುಟ್ಟೂರು ತಿಳೀತದ, ಬಳಕಿ ನಿಲ್ಲೂದಿಲ್ಲ. 'ಲೆಕ್ಕ' ಬಿಡ್ತೀರೇನು? ರಕಾರಕ್ಕೂ ಅದೇ ನಿಯಮ. ರೊಟ್ಟಿ ಬಿಡಲಿಕ್ಕೆ ನಾವಂತೂ ತಯಾರಿಲ್ಲ. ಇಂಗ್ಲಿಷಿನವರು ಹೆಗ್ಗಣಕ್ಕ ಬ್ಯಾಂಡಿಕೂಟ್ ಅಂತಾರ, ತೆಲುಗಿನ ಪಂದಿಕೊಕ್ಕು ಅದು. ಮಂಗೂಸ್ ಅನ್ನೂದು ಮರಾಠಿ ಮುಂಗೂಸ. ನಮ್ಮ ಪದ ತಗೊಂಡು ಅವರ ಪ್ರಾಣಿಶಾಸ್ತ್ರೇನು ಕೆಟ್ಟಿಲ್ಲ.

ಮೈಸೂರಿನಿಂದ:

ರೊಟ್ಟಿಯ ವಿಷಯ ಇಲ್ಲಿ ಅಪ್ರಸ್ತುತ. ಮೊಲೆಯೂಡಿ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ.

ಸೋಮವಾರಪೇಟೆಯಿಂದ:

ನಾನೇ ಬಿಚ್ಚುತ್ತೇನೆ ಸರ್. ಹದಿನಾಲ್ಕು ವರ್ಷದ ನಲವತ್ತು ಮಕ್ಕಳ ಮುಂದೆ ಆ ಪದ ಬರೆದು ನೀವು ಒಂದು ಪೀರಿಯಡ್ ನಿಭಾಯಿಸಿ ತೋರಿಸಿ, ಮರುದಿನವೇ ಬೋರ್ಡು ಬದಲಿಸುತ್ತೇನೆ. ಸಸ್ತನಿಯ ಅರ್ಥವೂ ಬೇರೆಯಲ್ಲ, ಗೊತ್ತು. ಸಂಸ್ಕೃತದಲ್ಲಿ ಇರುವುದರಿಂದ ಯಾರಿಗೂ ನಗು ಬರುವುದಿಲ್ಲ, ಅಷ್ಟೇ. ಪ್ರಾಣಿ, ಗಿಡಗಳನ್ನು ವಿಂಗಡಿಸಿ ಹೆಸರಿಟ್ಟ ಲಿನೇಯಸ್‌ಗೂ ಲ್ಯಾಟಿನ್ನಿನ ಮರೆ ಇತ್ತು. ಮೊದಲು ಅವನ ಗುಂಪಿನ ಹೆಸರು 'ನಾಲ್ಕು ಕಾಲಿನವು', ತಿಮಿಂಗಿಲ ಮೀನುಗಳ ಸಾಲಿನಲ್ಲಿತ್ತು. 1758ರಲ್ಲಿ ಅದನ್ನೂ ಒಳಗೆ ಸೇರಿಸಿ, ಮೊಲೆಯ ಹೆಸರಿನಲ್ಲಿ ಮಮ್ಮಾಲಿಯಾ ಅಂದ. ಈ ಕಥೆಯನ್ನು ಮಕ್ಕಳಿಗೆ ಹೇಳಬಹುದು. ಬೋರ್ಡಿನಲ್ಲಿ ಬೇಡ.

ಆರನೇ ಬೋರ್ಡು ಇನ್ನೂ ಖಾಲಿ ಇದೆ.

ಪೊನ್ನಂಪೇಟೆಯಿಂದ:

ತಡವಾಗಿ ನೋಡಿದೆ. ಫೀಲ್ಡಿನಲ್ಲಿ ನಾವು ಸ್ಕ್ಯಾಟ್ ಅಂತಲೇ ಅನ್ನೋದು. ನಮ್ಮ ಜೊತೆ ಬರುವ ಕಾಡಿನ ವಾಚರ್ ಹುಲಿಯದಕ್ಕೂ ಹಿಕ್ಕೆ ಅಂತಾರೆ, ಆನೆಯದಕ್ಕೆ ಮಾತ್ರ ಲದ್ದಿ. ಅವರ ಕಿವಿಗೆ ಅದು ತಪ್ಪು ಅನ್ನಿಸಿಲ್ಲ, ನನಗೂ ಅನ್ನಿಸುವುದಿಲ್ಲ.

ಕನ್ನಡದಲ್ಲಿ ಸಗಣಿ, ಲದ್ದಿ, ಹಿಕ್ಕೆ ಇರುವುದೆಲ್ಲ ಗೊಬ್ಬರದ ಗುಂಡಿಗೆ ಬೀಳುವಂಥದ್ದಕ್ಕೆ, ಇಲ್ಲವೇ ಮನೆಯಿಂದ ಗುಡಿಸಿ ಹಾಕುವಂಥದ್ದಕ್ಕೆ. ಮಾಂಸ ತಿನ್ನುವ ಕಾಡುಪ್ರಾಣಿಯದು ರೈತನಿಗೆ ಯಾವ ಕೆಲಸಕ್ಕೂ ಬರಲಿಲ್ಲ, ಹೆಸರೂ ಹುಟ್ಟಲಿಲ್ಲ ಅಂತ ನನ್ನ ಊಹೆ. ಕಾಡಿನ ಗುರುತು ಓದುವವರಿಗೆ ಮಾತ್ರ ಅದೇ ಮುಖ್ಯ. ಒಣಗಿ ಬೆಳ್ಳಗಾದದ್ದನ್ನು ಕಡ್ಡಿಯಿಂದ ಬಿಡಿಸಿದರೆ ಬರೀ ಕೂದಲು, ನಡುವೆ ಒಂದು ಗೊರಸಿನ ಚೂರು, ಮೂಳೆಯ ಚಕ್ಕೆ. ಆ ಕೂದಲನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಜಿಂಕೆಯೋ ಕಡವೆಯೋ ಗೊತ್ತಾಗುತ್ತದೆ. ನಾಗರಹೊಳೆಯ ಹುಲಿ, ಚಿರತೆ, ಸೀಳುನಾಯಿ ಯಾವ್ಯಾವ ಪ್ರಾಣಿಯನ್ನು ಎಷ್ಟೆಷ್ಟು ತಿನ್ನುತ್ತವೆ ಅಂತ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದ ಲೆಕ್ಕ ನಿಂತದ್ದು ಇದರ ಮೇಲೆಯೇ. ಒಂದೇ ಕಾಡು, ಮೂರು ಬೇಟೆಗಾರರು, ಹೇಗೆ ಹೊಂದಿಕೊಂಡು ಬಾಳುತ್ತಾರೆ ಅನ್ನುವುದನ್ನು ಮಕ್ಕಳಿಗೆ ಇದಕ್ಕಿಂತ ಸುಲಭವಾಗಿ ತೋರಿಸಲಿಕ್ಕಾಗದು.

ಒಂದೇ ಪದ ಇಲ್ಲವೆಂದು ಕೊರಗಬೇಡಿ. ಇಂಗ್ಲಿಷಿನಲ್ಲೂ ನೀರುನಾಯಿಯದಕ್ಕೆ ಸ್ಪ್ರೇಂಟ್ ಅಂತ ಬೇರೆಯೇ ಪದ ಇದೆ. ಬೋರ್ಡಿನ ಕೊನೆಗೆ ದಪ್ಪಕ್ಷರದಲ್ಲಿ ಇದನ್ನು ಬರೆಸಿ: ಬರಿಗೈಯಲ್ಲಿ ಮುಟ್ಟಬಾರದು, ಮೂಸಬಾರದು. ಜಂತುಹುಳದ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ.

ಮೈಸೂರಿನಿಂದ:

ವಾಚರ್ ಹೇಳಿದ್ದನ್ನೇ ನಾನು ಮೊದಲ ಸಾಲಿನಲ್ಲಿ ಹೇಳಿದ್ದು.

ಧಾರವಾಡದಿಂದ:

ವಾಚರ್ ಲದ್ದಿ ಬಿಟ್ಟಿಲ್ಲ. ಪೂರ್ತಿ ಓದ್ರಿ.

ಸೋಮವಾರಪೇಟೆಯಿಂದ:

ಶುಕ್ರವಾರ ರಾತ್ರಿ. ತಲೆಬರಹ 'ಯಾರ ಹಿಕ್ಕೆ?' ಅಂತ ಬರೆದುಕೊಟ್ಟೆ. ಕೆಳಗೆ ಆನೆಗೆ ಲದ್ದಿ, ಕಾಟಿಗೆ ಸಗಣಿ ಹಾಗೇ ಇವೆ. ಎಚ್ಚರಿಕೆಯ ಸಾಲು ಕೆಂಪು ಬಣ್ಣದಲ್ಲಿ. ನರಿಯನ್ನು ತೆಗೆಸಿದೆ. ಪೇಂಟರ್ ದುಡ್ಡು ತೆಗೆದುಕೊಂಡು ಹೋದ ಮೇಲೆ ಕರೆಂಟ್ ಬಂತು, ನೋಡಿದರೆ ದೊಡ್ಡಕ್ಷರದಲ್ಲಿ 'ಯಾರ ಹಕ್ಕಿ?' ಅಂತಿದೆ. ಬೆಳಿಗ್ಗೆ ಏಳಕ್ಕೆ ವ್ಯಾನ್. ಈಗ ಮನೆಯಲ್ಲಿ ಟರ್ಪೆಂಟೈನ್ ಹುಡುಕುತ್ತಿದ್ದೇನೆ.

ಮೈಸೂರಿನಿಂದ:

ಅಳಿಸಲೇಬೇಕು. ಹಕ್ಕಿ ತದ್ಭವ, ಪಕ್ಷಿಯಿಂದ ಬಂದದ್ದು.