ಹಳೆಯ ಜೋಡುನಳಿಗೆ ಕೋವಿಯ ಅಸಲಿತನ ಪರೀಕ್ಷಿಸಲು ಸಹಾಯ ಬೇಕು

ಮಾನ್ಯರೇ, ಕಾರ್ಕಳದ ನಮ್ಮ ತೋಟಕ್ಕೆ ಹಂದಿಗಳ ಕಾಟ ಹೆಚ್ಚಿದ್ದರಿಂದ ಬೆಳೆ ರಕ್ಷಣೆಯ ಪರವಾನಗಿ ಪಡೆದಿರುವ ನಾನು, ಪರಿಚಿತರೊಬ್ಬರ ಬಳಿಯಿರುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ 12 ಬೋರ್ ಜೋಡುನಳಿಗೆ ಕೋವಿಯನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ.

ನಳಿಗೆಗಳ ಅಡಿಯಲ್ಲಿ ಕಿರೀಟದ ಕೆಳಗೆ ‘ಬಿಪಿ’ ಎಂಬ, ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆಯ ಬಲ ಪರೀಕ್ಷಿಸಿ ಒತ್ತುವ ಮುದ್ರೆ ಸ್ಪಷ್ಟವಾಗಿದ್ದು, ನಳಿಗೆ ಹಾಗೂ ಆಕ್ಷನ್ (ನಳಿಗೆಗಳ ಹಿಂಭಾಗವನ್ನು ಮುಚ್ಚಿ ಗುಂಡು ಹಾರಿಸುವ ಯಂತ್ರಭಾಗ) ಮೇಲಿನ ಕ್ರಮಸಂಖ್ಯೆಗಳು ತಾಳೆಯಾಗುತ್ತವೆಯಾದರೂ, ಮುಂದಿನ ಮರದ ಹಿಡಿಯನ್ನು ಕಳಚಿ ನೋಡಿದಾಗ ಅದರ ಕಬ್ಬಿಣದ ಮೇಲೆ ಬೇರೆಯೇ ಸಂಖ್ಯೆ ಕಂಡಿತು. ‘ಅಜ್ಜನ ಕಾಲದಿಂದ ಯಾರೂ ಕೈ ಹಾಕಿಲ್ಲ’ ಎನ್ನುತ್ತಾರೆ ಮಾಲೀಕರು. ಆದರೆ ನಮ್ಮ ಕರಾವಳಿಯ ಮಳೆಗಾಲಗಳನ್ನು ಕಂಡ ಕೋವಿ ಇಷ್ಟು ಮಿರುಗುವುದೇ ನನ್ನ ಸಂಶಯಕ್ಕೆ ಕಾರಣ. ಕೆತ್ತನೆಯ ಅಂಚುಗಳು ಸವೆದಿವೆ, ನಳಿಗೆಯ ನೀಲಿಗಪ್ಪು ಬಣ್ಣ ಮಾತ್ರ ಹೊಸತು. ಬಾಯಿಯ ಬಳಿ ಎರಡು ನಳಿಗೆಗಳ ನಡುವೆ ಸಣ್ಣ ಸಂದೂ ಇದೆ.

ಈ ಸಂದು ನೋಡಿದರೆ, ನಳಿಗೆಯನ್ನು ಬಾಯಿಯ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿರಬಹುದೇ? ಚೋಕ್ (ನಳಿಗೆಯ ಬಾಯಿ ಬಳಿಯ ಕಿರಿದಾದ ಭಾಗ) ಮತ್ತು ಚೇಂಬರ್ (ತೋಟೆ ಕೂರುವ ಜಾಗ) ಅಳೆದು, ಕೋವಿ 65 ಮಿ.ಮೀ. ಉದ್ದದ ತೋಟೆಯದ್ದೋ 70 ಮಿ.ಮೀ.ನದ್ದೋ ಎಂದು ಹೇಳಬಲ್ಲ ಅಧಿಕೃತ ಕೋವಿ ರಿಪೇರಿಯವರು ಉಡುಪಿ ಅಥವಾ ಮಂಗಳೂರಿನಲ್ಲಿದ್ದರೆ ದಯವಿಟ್ಟು ತಿಳಿಸಿ.