ಬೇರಿನ ತುದಿಯಲ್ಲಿ ಸೆಂಟ್ರಿಯೋಲ್ ಕಾಣುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಕೆರೆಹನಿ (ಮೈಸೂರು): ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಬೆಳಿಗ್ಗೆ ಕತ್ತರಿಸಿದ ಬೇರಿನ ತುದಿ, ಅಸಿಟೋಕಾರ್ಮಿನ್ ಬಣ್ಣ, ಹೆಬ್ಬೆರಳಿನಿಂದ ಒತ್ತಿದ ಸ್ಲೈಡ್. ವರ್ಣತಂತುಗಳು ಕೋಶದ ನಡುವೆ ಕೆಂಪಗೆ ಸಾಲುಗಟ್ಟಿವೆ. ಕೋಶದ ಎರಡು ಧ್ರುವಗಳಲ್ಲಿ, ಅಂದರೆ ತುದಿಗಳಲ್ಲಿ, ಇರಬೇಕಾದ ಸೆಂಟ್ರಿಯೋಲ್ (ಕೋಶ ಒಡೆಯುವಾಗ ವರ್ಣತಂತು ಎಳೆಯುವ ನಳಿಕೆಗಳು ಹೊರಡುವ ಕಡೆಯ ಪುಟ್ಟ ಕಣ) ಮಾತ್ರ ಒಂದೂ ಇಲ್ಲ. ನಾಡಿದ್ದು ಮಗಳ ತರಗತಿಗೆ ತೋರಿಸುವೆನೆಂದು ಮಾತು ಕೊಟ್ಟಿದ್ದೇನೆ.

ಮಂಡ್ಯದ ಮಸೂರ: ಬಣ್ಣ ಹಳತಾಗಿದೆ. ಸೋಸಿಕೊಳ್ಳಿ. ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಹದವಾಗಿ ಬಿಸಿ ಮಾಡಿ, ಕುದಿಸಬೇಡಿ.

ಕೆರೆಹನಿ: ಮಾಡಿದೆ. ವರ್ಣತಂತು ಇನ್ನೂ ಸ್ಪಷ್ಟವಾದವು. ಅದು ಇಲ್ಲ.

ಮಂಡ್ಯದ ಮಸೂರ: ಹಾಗಾದರೆ ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದೀರಿ. ತೊಂದರೆ ಬಣ್ಣದ್ದೇ.

ಹಳೇ ಬೆಳಕು: ಬಣ್ಣದ ಮಾತು ಸಾಕು ಸ್ವಾಮಿ. ಎಣ್ಣೆ ಹಾಕಿ ನೋಡುವ 100 ಪಟ್ಟಿನ ಮಸೂರ ಇದೆಯೇ? ನಾನು ಕನ್ನಡಿ ತೆಗೆದು ಎಲ್‌ಇಡಿ ಕೂರಿಸಿದ್ದೇನೆ. ಕುಕ್ಕರಹಳ್ಳಿ ಕೆರೆಯ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯ ಕೂದಲಿನಂಥ ಲೋಮಾಂಗಗಳು ಅಲುಗುವುದು ಕಾಣುತ್ತದೆ.

ಮಂಡ್ಯದ ಮಸೂರ: ಎಲ್‌ಇಡಿಯ ನೀಲಿ ಬೆಳಕಿನಲ್ಲಿ ಕಾರ್ಮಿನ್ ಕೆಂಪು ಸರಿಯಾಗಿ ತಿಳಿಯುವುದಿಲ್ಲ.

ಜರೀಗಿಡ: ಬೇರು ಯಾವ ಗಿಡದ್ದು?

ಕೆರೆಹನಿ: ಈರುಳ್ಳಿಯದೇ. ಇನ್ನೇನು?

ಜರೀಗಿಡ: ಈರುಳ್ಳಿಯಲ್ಲಿ ಸೆಂಟ್ರಿಯೋಲೇ ಇಲ್ಲ! ನಿಮ್ಮ ಕೈಯಲ್ಲಿ ತಪ್ಪಿಲ್ಲ. ಕೋಶಕೇಂದ್ರವುಳ್ಳ ಜೀವಿಗಳ ಸಮಾನ ಪೂರ್ವಜರಲ್ಲಿ ಅದಿತ್ತು, ಕಶಾಂಗದ, ಅಂದರೆ ಈಜುವ ಬಾಲದ, ಬುಡವಾಗಿ. ಈಜುವ ಪುರುಷಾಣು ಬೇಡವಾದಾಗ ಹೂಬಿಡುವ ಸಸ್ಯಗಳು ಅದನ್ನು ಕಳೆದುಕೊಂಡವು. ಅವುಗಳಲ್ಲಿ ವರ್ಣತಂತು ಎಳೆಯುವ ಸೂಕ್ಷ್ಮನಳಿಕೆಗಳು ಕೋಶಕೇಂದ್ರದ ಹೊರಮೈಯಂಥ ಕಡೆಗಳಿಂದ ಹೊರಡುತ್ತವೆ. ಯೀಸ್ಟ್ ಕೂಡ ಸೆಂಟ್ರಿಯೋಲ್ ಬಿಟ್ಟಿತು, ಕೋಶಕೇಂದ್ರದ ಪೊರೆಯಲ್ಲಿ ಬಿಲ್ಲೆಯಂಥ ಬೇರೊಂದು ರಚನೆ ಇಟ್ಟುಕೊಂಡಿತು. ಪ್ರಾಣಿ, ಹೂಗಿಡ, ಯೀಸ್ಟ್ ಮೂರೂ ಕಡೆ ನಳಿಕೆಗೆ ಮೊಳಕೆ ಹಾಕುವುದು ಗಾಮಾ ಟ್ಯೂಬುಲಿನ್ ಎಂಬ ಪ್ರೋಟೀನ್. ಕೇಂದ್ರ ಬದಲಾಯಿತು, ಕೆಲಸಗಾರ ಬದಲಾಗಲಿಲ್ಲ. ನನಗೆ ಇದಕ್ಕಿಂತ ಸುಂದರ ಸಂಗತಿ ಬೇರೆ ಕಂಡಿಲ್ಲ.

ಹಳೇ ಬೆಳಕು: ಸೆಂಟ್ರಿಯೋಲ್ ಕೋಶದ ಒಳಹೊಕ್ಕ ಬ್ಯಾಕ್ಟೀರಿಯಾದಿಂದ ಬಂದದ್ದಲ್ಲವೇ? 1967ರಲ್ಲಿ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಹೇಳಿದ್ದರು.

ಜರೀಗಿಡ: ಮೈಟೊಕಾಂಡ್ರಿಯ, ಕ್ಲೋರೊಪ್ಲಾಸ್ಟ್ ವಿಷಯದಲ್ಲಿ ಅವರ ಮಾತು ಗೆದ್ದಿತು. ಇದರಲ್ಲಿ ನಿಲ್ಲಲಿಲ್ಲ. ಸೆಂಟ್ರಿಯೋಲ್‌ಗೆ ಸ್ವಂತ ಡಿಎನ್‌ಎ ಇಲ್ಲ.

ಮಂಡ್ಯದ ಮಸೂರ: ಆದರೂ ಪ್ರಾಣಿಕೋಶವಾಗಿದ್ದರೆ ಕಬ್ಬಿಣದ ಹೆಮಟಾಕ್ಸಿಲಿನ್ ಬಣ್ಣಕ್ಕೆ ಧ್ರುವದ ಚುಕ್ಕೆ ಕಾಣುತ್ತಿತ್ತು.

ಜರೀಗಿಡ: ಚುಕ್ಕೆಯಷ್ಟೇ. ಸೆಂಟ್ರಿಯೋಲ್‌ನ ಅಗಲ ಸುಮಾರು 0.2 ಮೈಕ್ರೋಮೀಟರ್, ಬೆಳಕಿನ ಸೂಕ್ಷ್ಮದರ್ಶಕದ ಮಿತಿಯೂ ಅಷ್ಟೇ. ಕೆರೆಹನಿಯವರೇ, ತೇವದ ಗೋಡೆಯ ಮೇಲೆ ಜರೀಗಿಡದ ಹೃದಯದಾಕಾರದ ಹಸಿರು ಎಸಳು ಹುಡುಕಿ. ನೀರಿನ ಹನಿಯಲ್ಲಿಡಿ. ಬಲಿತಿದ್ದರೆ ಪುರುಷಾಣುಗಳು ಸುತ್ತುತ್ತಾ ಹೊರಬರುತ್ತವೆ. ಅವುಗಳ ಒಂದೊಂದು ಕಶಾಂಗದ ಬುಡದಲ್ಲೂ ನೀವು ಹುಡುಕುತ್ತಿರುವುದೇ ಇದೆ.

ಕೆರೆಹನಿ: ನಮ್ಮ ಹಿತ್ತಲಿನ ಬಾವಿಯ ಒಳಗೋಡೆಯಲ್ಲಿ ಜರೀಗಿಡ ಇದೆ. ಎಸಳು ಎಷ್ಟು ದೊಡ್ಡದಿರುತ್ತದೆ?