ಅಪ್‌ಡೇಟ್: ಎಎ ಬಿಟ್ಟು ಎ ತಂಡವನ್ನೇ ಆರಿಸಿದೆವು

ಟೊರಾಂಟೊದಲ್ಲಿ ಯು13 (13ರೊಳಗಿನವರ) ಐಸ್ ಹಾಕಿ ಆಡುವ ನಮ್ಮ ಮಗನನ್ನು ಮೇಲಿನ ಹಂತದ ಎಎ ತಂಡದ ಕೊನೆಯ ಸಾಲಿಗೆ (ಕಡಿಮೆ ಆಡಲು ಸಿಗುವ ಗುಂಪಿಗೆ) ಸೇರಿಸಬೇಕೇ ಅಥವಾ ಅದಕ್ಕಿಂತ ಒಂದು ಹಂತ ಕೆಳಗಿನ ಎ ತಂಡದಲ್ಲೇ ಉಳಿಸಬೇಕೇ ಎಂದು ಇಲ್ಲಿ ಕೇಳಿದ್ದೆನಲ್ಲ, ಅದು ಈಗ ಇತ್ಯರ್ಥವಾಗಿದೆ. ‘ಸಿಕ್ಕ ಅತಿ ಮೇಲಿನ ಹಂತಕ್ಕೇ ಹೋಗಲಿ’ ಎಂಬ ಸಲಹೆ ನಮಗೆ ಹೊಂದಲಿಲ್ಲ. ಖಾಸಗಿ ಸ್ಕೇಟಿಂಗ್ ತರಬೇತಿಯಿಂದ ವೇಗ ಹೆಚ್ಚಿತಾದರೂ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಕೆಲಸಕ್ಕೆ ಬಂದದ್ದು, ಎರಡೂ ತಂಡಗಳ ಅಭ್ಯಾಸವನ್ನು ಕುಳಿತು ನೋಡಿ ಎಂದವರ ಮಾತು. ಎಎ ಅಭ್ಯಾಸದಲ್ಲಿ ಪಕ್ (ಆಟದ ರಬ್ಬರ್ ಬಿಲ್ಲೆ) ಕೋಲಿಗೆ ತಗುಲಿದ ಕೂಡಲೇ ಅವನು ತಲೆ ತಗ್ಗಿಸಿ ಅದನ್ನು ಬೋರ್ಡಿನತ್ತ, ಅಂದರೆ ಅಂಕಣದ ಸುತ್ತಲಿನ ತಡೆಗೋಡೆಯತ್ತ, ದಬ್ಬಿಬಿಡುತ್ತಿದ್ದ. ಎ ತಂಡದಲ್ಲಾದರೋ ತಲೆಯೆತ್ತಿ, ಒಂದು ಕ್ಷಣ ತಡೆದು, ಜೊತೆಗಾರನನ್ನು ಹುಡುಕಿ ಪಾಸ್ ಕೊಡುತ್ತಿದ್ದ. ಪವರ್ ಪ್ಲೇಯಲ್ಲಿ (ಶಿಕ್ಷೆಯಿಂದಾಗಿ ಎದುರಾಳಿಗೆ ಆಟಗಾರರು ಕಡಿಮೆಯಿರುವಾಗ) ಇವನನ್ನು ಇಳಿಸುವಿರಾ ಎಂದು ಕೇಳಿದಾಗ ಎ ತಂಡದ ಕೋಚ್ ನೇರವಾಗಿ ಹೌದೆಂದರು, ಎಎ ತಂಡದ ಕೋಚ್ ಮಾತು ತೇಲಿಸಿದರು.

ನಮಗೆ ಗೊತ್ತೇ ಇರದಿದ್ದ ಸಂಗತಿಯೆಂದರೆ ಅಫಿಲಿಯೇಟ್ ಆಟಗಾರನ ವ್ಯವಸ್ಥೆ: ಕೆಳಹಂತದಲ್ಲಿ ನೋಂದಾಯಿಸಿಕೊಂಡ ಮಗುವನ್ನು, ಮೇಲಿನ ತಂಡದಲ್ಲಿ ಆಟಗಾರರ ಕೊರತೆಯಾದಾಗ, ನಿಯಮದ ಮಿತಿಯೊಳಗೆ ಕೆಲವು ಪಂದ್ಯಗಳಿಗೆ ಕರೆಸಿಕೊಳ್ಳಬಹುದು. ಮೈಕಟ್ಟಿನ ಬಗ್ಗೆ ಚಿಂತಿಸಿದ್ದವರಿಗೆ: ಈ ವಯೋಮಾನದಲ್ಲಿ ಬಾಡಿ ಚೆಕಿಂಗನ್ನು (ಪಕ್ ಇರುವ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದನ್ನು) ದೇಶದ ಹಾಕಿ ಸಂಸ್ಥೆಯಾದ ಹಾಕಿ ಕೆನಡಾ 2013ರಲ್ಲೇ ನಿಷೇಧಿಸಿರುವುದರಿಂದ, ಆ ಲೆಕ್ಕಾಚಾರ ಯು15ಕ್ಕೆ ಬಂದ ಮೇಲೆ.